ಡ್ರೈವ್‌ವೇ ಮೇಲೆ ಸಂಡಿಗೆ ಕಾದದ್ದು

ಕಣ್ಣಿಗೆ ಕಂಡದ್ದಕ್ಕಿಂತ ಬರೆದಿಟ್ಟದ್ದನ್ನು ಹೆಚ್ಚು ನಂಬುವುದು ನನ್ನ ಸ್ವಭಾವ. ಅಮೆರಿಕದ ಮಿಷಿಗನ್ ರಾಜ್ಯದ ನೋವೈಗೆ ಬಂದಾಗಿನಿಂದ ತಾರೀಖು ಹಾಕಿ ಹವಾಮಾನ ಬರೆದಿಡುತ್ತೇನೆ: ಎಷ್ಟು ಡಿಗ್ರಿ, ಎಷ್ಟು ಹೊತ್ತು ಬಿಸಿಲು, ಹಿಮ ಬಿತ್ತೇ ಇಲ್ಲವೇ. ಇದರಿಂದ ಯಾರಿಗೂ ಉಪಯೋಗವಾಗಿರಲಿಲ್ಲ. ಮೈಸೂರಿನಿಂದ ಅಮ್ಮ ಬಂದ ಮೇಲೆ ಮೊದಲ ಸಲ ಒಬ್ಬರು ನನ್ನ ಲೆಕ್ಕ ಕೇಳಿದಂತಾಯಿತು.

ಆದದ್ದಿಷ್ಟು. ಇಲ್ಲಿನ ದೇವಸ್ಥಾನದಲ್ಲಿ, ನಮಗಿಂತ ಮುಂಚೆಯೇ ಈ ಊರಿಗೆ ಬಂದಿದ್ದ ಕಮಲಾ ಆಂಟಿ ಅಮ್ಮನಿಗೆ, “ಇಲ್ಲಿ ಸಂಡಿಗೆ ಒಣಗಲ್ಲ ಕಣ್ರೀ, ಎಲ್ಲ ಮಾಡಿ ನೋಡಿದೀನಿ” ಎಂದರು. ಅಮ್ಮ ಅಲ್ಲೇ, ಎಲ್ಲರೆದುರು, “ಯುಗಾದಿ ಊಟಕ್ಕೆ ನಾನು ಮಾಡ್ಕೊಂಡು ಬರ್ತೀನಿ, ನೋಡಿ” ಎಂದು ಹೇಳಿ ಬಂದಳು. ಮಾತು ಕೊಟ್ಟಾಗಿತ್ತು, ಇನ್ನು ಬೇಕಾದದ್ದು ಬಿಸಿಲು. ನಾನು ಹಿಂದಿನ ಮಾರ್ಚ್ ತಿಂಗಳುಗಳನ್ನೆಲ್ಲ ಕೂಡಿ ಕಳೆದು, “ಶನಿವಾರ ಇಡಬಹುದಮ್ಮ” ಎಂದೆ.

ಶನಿವಾರ ಬಿಸಿಲೇನೋ ಬಂತು. ಕಣ್ಣು ಕುಕ್ಕುವ ಬಿಸಿಲು. ಆದರೆ ಫ್ರಿಜ್ಜಿನ ಬಾಗಿಲು ತೆರೆದಾಗ ಹೊತ್ತಿಕೊಳ್ಳುವ ದೀಪದಂಥದು. ಹಿತ್ತಲು ಕೆಸರಾಗಿದ್ದರಿಂದ ಅಮ್ಮ ಮನೆ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇ ಮೇಲೆ ಹಳೆಯ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟಳು. ಇಟ್ಟು ಮುಗಿಸುವಷ್ಟರಲ್ಲಿ ಗಾಳಿ ಎದ್ದಿತು. ಪಂಚೆಯ ಮೇಲೆ ಭಾರಕ್ಕೆ ಇಡೋಣವೆಂದರೆ ನಮ್ಮ ಬಡಾವಣೆಯಲ್ಲಿ ಒಂದು ಕಲ್ಲು ಸಿಗುವುದಿಲ್ಲ. ಹಿಮ ಕರಗಿಸಲು ತಂದಿದ್ದ ಉಪ್ಪಿನ ಮೂಟೆಯನ್ನು ಎಳೆದುಕೊಂಡು ಬಂದೆ. “ಅದು ಬೇಡ. ಹಿಟ್ಟಿಗೆ ಉಪ್ಪು ಸರಿಯಾಗಿದೆ” ಎಂದಳು ಅಮ್ಮ. ಕೊನೆಗೆ ಅಮ್ಮ, ನನ್ನ ಹೆಂಡತಿ ರಶ್ಮಿ, ಆರು ವರ್ಷದ ಮಗಳು ಅನು ಮತ್ತು ನಾನು ಒಂದೊಂದು ಮೂಲೆಯ ಮೇಲೆ ದಪ್ಪ ಜಾಕೆಟ್ ತೊಟ್ಟು ಕುಳಿತೆವು. ಕುಳಿತ ಮೇಲೆ ಗೊತ್ತಾಯಿತು, ಇನ್ನು ಯಾರೂ ಏಳುವ ಹಾಗಿಲ್ಲ ಎಂದು. ಚಳಿಗಾಲ ಮುಗಿದ ಮೇಲೆ ನಾವೆಲ್ಲ ಒಟ್ಟಿಗೆ ಹೊರಗೆ ಕಳೆದ ಮೊದಲ ದಿನ ಅದು.

ಒಳಗೆ ರಶ್ಮಿಯ ಫೋನ್ ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. “ಡ್ಯಾಡಿ, ಆರ್ ವಿ ಇನ್ ಟ್ರಬಲ್?” ಎಂದು ಅನು ಕೇಳಿದಳು. ಚಡ್ಡಿ ತೊಟ್ಟು ನಾಯಿಯೊಂದಿಗೆ ಹೋಗುತ್ತಿದ್ದ ನೆರೆಯವನೊಬ್ಬ ನಿಂತು, ಒಂದಕ್ಕೆ ಎಷ್ಟು ಎಂದು ವಿಚಾರಿಸಿದ. “ಒಣಗಲಿ ಕಣಪ್ಪ, ಸುಮ್ನೇ ಕೊಡ್ತೀನಿ” ಎಂದು ಅಮ್ಮ ಕನ್ನಡದಲ್ಲೇ ಹೇಳಿದಳು. ಅವನು ಥ್ಯಾಂಕ್ಸ್ ಹೇಳಿ ಹೋದ.

ಮಧ್ಯಾಹ್ನ ಮೋಡ ಕವಿದು ಹಿಮ ಉದುರತೊಡಗಿತು. ನಾನು ಆಗಾಗ ಸಂಡಿಗೆ ಎಣಿಸುತ್ತಿದ್ದೆ. ಪ್ರತಿ ಸಲವೂ ಹೆಚ್ಚಾಗುತ್ತಿತ್ತು. ಬೆಳ್ಳಗಿದ್ದದ್ದನ್ನೆಲ್ಲ ಎಣಿಸುತ್ತಿದ್ದೇನೆಂದು ರಶ್ಮಿ ಹೇಳಿದ ಮೇಲೆಯೇ ತಿಳಿದದ್ದು.

“ಒಳಗೆ ಹೋಗೋಣಮ್ಮ” ಎಂದೆ.

“ಕೂತ್ಕೋ ಸುಮ್ನೆ. ಈಗ ಹೋಗುತ್ತೆ ಮೋಡ.”

ಆಗಲೇ ಕಮಲಾ ಆಂಟಿಯ ಕಾರು ಬಂದು ನಿಂತಿತು. ಫೋನ್ ಮಾಡಿದ್ದು ಅವರೇ. ಯಾರೂ ಎತ್ತದಿದ್ದದ್ದಕ್ಕೆ ಗಾಬರಿಯಾಗಿ ಬಂದಿದ್ದರು. ಅಮ್ಮ ತಲೆ ಎತ್ತಲಿಲ್ಲ. ಆಂಟಿ ಬಗ್ಗಿ ಹಿಮ ಸರಿಸಿ, ಚೂರು ಹಿಟ್ಟು ಬಾಯಿಗೆ ಹಾಕಿಕೊಂಡರು.

“ಹದ ಚೆನ್ನಾಗಿ ಬಂದಿದೆ. ಇವತ್ತೇ ಇಡಿ ಅಂದಿದ್ದು ಯಾರು?”

ಅಮ್ಮ ನನ್ನತ್ತ ಕೈ ತೋರಿಸಿದಳು.

“ಅದೇ ಅಂದ್ಕೊಂಡೆ” ಎಂದರು ಆಂಟಿ. ಅಲ್ಲಿಗೆ ಅವರಿಬ್ಬರ ಪಂದ್ಯ ಮುಗಿಯಿತು.

ಯುಗಾದಿ ಊಟಕ್ಕೆ, ಆಂಟಿ ಊರಿಂದ ತಂದಿಟ್ಟಿದ್ದ ಸಂಡಿಗೆಯನ್ನು ಅಮ್ಮ ಕರಿದಳು. ಇಬ್ಬರೂ ಜೊತೆಯಾಗಿ ಬಡಿಸುತ್ತಾ, ತಪ್ಪು ಹಿಟ್ಟಿನದೂ ಅಲ್ಲ, ಮಿಷಿಗನ್ನಿನದೂ ಅಲ್ಲ ಎಂದು ಎಲೆ ಎಲೆಗೂ ವಿವರಿಸಿದರು. ಅಂದಿನಿಂದ ಇಲ್ಲಿನ ಕನ್ನಡಿಗರು ಪಿಕ್ನಿಕ್ಕಿಗೆ ಹೊರಡುವ ಮುಂಚೆ ತಪ್ಪದೆ ನನಗೆ ಫೋನ್ ಮಾಡುತ್ತಾರೆ. “ಧಾರಾಳವಾಗಿ ಹೋಗಿಬನ್ನಿ” ಎಂದು ನಾನು ಹೇಳಿದರೆ, ಮನಸಾರೆ ಥ್ಯಾಂಕ್ಸ್ ಹೇಳಿ, ದಿನ ಬದಲಾಯಿಸಿಕೊಳ್ಳುತ್ತಾರೆ.