ಇಲಿಗಳ ಭಯ ನಿವಾರಿಸಿದ ಡಾ. ಬೆಹ್ದಾದ್ ಅವರಿಗೆ

ವಿಭಾಗದ ಮುಖ್ಯಸ್ಥರಾದ ಮಾನ್ಯ ಡಾ. ಮನೂಚೆಹ್ರ್ ಬೆಹ್ದಾದ್ ಅವರೇ,

ನಮ್ಮೂರು ಅಹ್ವಾಜ್‌ನ ಧೂಳುಗಾಳಿ ತಮ್ಮ ಹೊಸ ಕಚೇರಿಯ ಕಿಟಕಿಯನ್ನು ಬಿಟ್ಟು ಸುತ್ತಿ ಹೋಗಲಿ, ಕಾರೂನ್ ನದಿಯ ತಂಪು ಮಾತ್ರ ಒಳಗೆ ಬರಲಿ ಎಂದು ಹಾರೈಸುತ್ತಾ, ತಮ್ಮ ಕೈಕೆಳಗಿನ ಸಂಶೋಧನಾ ವಿದ್ಯಾರ್ಥಿನಿ ಫರ್ಖೊಂದೆ ಶೂಶ್ತರಿ ಮಾಡುವ ಬಹಿರಂಗ ವಿನಂತಿ.

ಸತುವಿನ ಆಕ್ಸೈಡನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಪುಡಿಯಾಗಿಸಿ ತಿನ್ನಿಸಿದರೆ, ಇಕ್ಕಟ್ಟಿನ ಕೊಳವೆಯಲ್ಲಿ ಕೂಡಿಹಾಕಿ ಕಂಗೆಡಿಸಿದ ಇಲಿಗಳ ಆತಂಕ ಇಳಿಯುತ್ತದೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಯಲಾಗಿರುವ ಎತ್ತರದ ಹಲಗೆಯ ಮೇಲೆ ಬಿಟ್ಟಾಗ ಹೆದರಿದ ಇಲಿ ಗೋಡೆಯಿರುವ ಮೂಲೆಯಲ್ಲೇ ಮುದುಡುತ್ತದೆ, ನೆಮ್ಮದಿಯ ಇಲಿ ಬಯಲಿನ ತುದಿಗೆ ಹೋಗಿ ಕೆಳಗೆ ಇಣುಕುತ್ತದೆ. ಇಷ್ಟು ಸರಳವಾದ ಪರೀಕ್ಷೆಗೆ ತಾವು ಗಾಂಭೀರ್ಯ ತಂದುಕೊಟ್ಟಿರಿ. ತಮ್ಮ ಕಚೇರಿಯನ್ನು ಹಿಗ್ಗಿಸಲು, ಇಲಿಗಳ ಕೋಣೆಗೆ ಅಂಟಿದ ಗೋಡೆಯನ್ನು ಯಂತ್ರದಿಂದ ಕೊರೆಸಲಾರಂಭಿಸಿದಿರಿ.

ಕೊರೆತ ನಿಲ್ಲಿಸಿರೆಂದು ಬೇಡಲು ನಾನು ಬಂದಾಗ ತಾವು ಚಹಾದ ಲೋಟದಿಂದ ತಲೆಯನ್ನೂ ಎತ್ತದೆ, "ಏನಮ್ಮಾ ಖಾನಂ, ಇಲಿಗಳೇನು ಪರೀಕ್ಷೆಗೆ ಓದ್ಕೊಳ್ತಿದಾವಾ? ಪುಡಿ ಒಂಚೂರು ಜಾಸ್ತಿ ಹಾಕಿ" ಎಂದು ಮಾರ್ಗದರ್ಶನ ನೀಡಿದಿರಿ.

ಪುಡಿ ತಿಂದ ಇಲಿಗಳ ಪಂಜರಗಳು ಸದ್ದು ತಲುಪದ ಒಳಕೋಣೆಯಲ್ಲಿದ್ದವು, ತಿನ್ನದವು ಕೊರೆಯುವ ಗೋಡೆಗೆ ಒತ್ತಿಕೊಂಡಿದ್ದವು. ಸಹಜವಾಗಿಯೇ ಮೊದಲನೆಯವು ಬಯಲಿಗೆ ಬಂದವು, ಎರಡನೆಯವು ಮೂಲೆ ಬಿಟ್ಟು ಅಲುಗಲಿಲ್ಲ. ಇದು ಪುಡಿಯ ಮಹಿಮೆಯೆಂದು ತಾವು ಪತ್ರಿಕೆಯವರನ್ನು ಕರೆದು ಸಾರಿದಿರಿ. ಅಂದಿನ ಖರ್ಜೂರದ ಹಲ್ವಾ ಬಹಳ ಚೆನ್ನಾಗಿತ್ತು.

ಅನುಮಾನ ಬಂದು ನಾನೂ ಗೆಳತಿ ನಸೀಬೆಯೂ ಪಂಜರಗಳನ್ನು ಅದಲುಬದಲು ಮಾಡಿದೆವು. ಕೆಲವೇ ದಿನಗಳಲ್ಲಿ ಪುಡಿ ತಿಂದವೂ ಮೂಲೆ ಸೇರಿದವು, ತಿನ್ನದವು ನಿಧಾನವಾಗಿ ಹೊರಗೆ ಬಂದವು. ನಸೀಬೆ ಹಲಗೆಯ ಪಕ್ಕದಲ್ಲೇ ಕುಳಿತು, "ಇಷ್ಟು ದಿನ ನಾವು ಅಳೆದಿದ್ದು ಪುಡೀನ ಅಲ್ಲ ಕಣೇ, ಗೋಡೇನ" ಎಂದಳು. ಈ ಫಲಿತಾಂಶವನ್ನು ಬಿಟ್ಟುಬಿಡಿ, ನಿಮ್ಮ ಪದವಿ ಬೇಗ ಬರುತ್ತದೆ ಎಂದು ತಾವು ತಂದೆಯಂತೆ ಬುದ್ಧಿ ಹೇಳಿದಿರಿ. ಆ ರಾತ್ರಿ ನನಗೂ ಮೂಲೆಯೇ ಹಿತವೆನಿಸಿದ್ದು ಸುಳ್ಳಲ್ಲ.

ಆದರೂ ವಿಭಾಗದ ಸಭೆಯಲ್ಲಿ ತಾವು ಪರದೆಯ ಮೇಲೆ ಫಲಿತಾಂಶ ತೋರಿಸಿ ಮುಗಿಸಿದೊಡನೆ ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಪಂಜರಗಳು ಎಲ್ಲಿದ್ದವೆಂದು ಹಿರಿಯರೊಬ್ಬರು ಕೇಳಿದಾಗ ತಾವು ಹವಾಮಾನದ ಬಗ್ಗೆ ಮಾತಾಡಿದಿರಿ. ತಾವು ಪ್ರಕಟಣೆಗೆ ಕಳಿಸಿದ್ದ ಪ್ರಬಂಧ ಹಿಂದಕ್ಕೆ ಬಂತು. ನನ್ನ ಪದವಿ ಒಂದು ವರ್ಷ ಮುಂದಕ್ಕೆ ಹೋಯಿತು. ಕೆಟ್ಟ ಪ್ರಯೋಗದ ಇಲಿಗಳನ್ನು ಅಂದೇ ಮುಗಿಸಬೇಕೆಂದು ತಾವು ಆಜ್ಞೆ ಮಾಡಿದಿರಿ. ಬೇರೆಯವರ ಒರಟು ಕೈಗೆ ಬೇಡವೆಂದು ಸೂಜಿಯನ್ನು ನಾನೇ ಹಿಡಿದೆ. ಒಂದು ಇಲಿ ನನ್ನ ಮೊಣಕೈ ಸಂದಿಯಲ್ಲಿ ಮುಖ ಹುದುಗಿಸಿ ಬೆಚ್ಚಗೆ ಕುಳಿತುಬಿಟ್ಟಿತು. ಅದಕ್ಕೆ ನನ್ನ ಮೇಲೆ ಅಷ್ಟು ನಂಬಿಕೆ ಯಾವ ಪುಡಿಯಿಂದ ಬಂತೆಂದು ದಯವಿಟ್ಟು ತಿಳಿಸಿಕೊಡಬೇಕು.

ಹೊಸ ಇಲಿಗಳು ಮುಂದಿನ ವಾರ ಬರುತ್ತವೆ. ಗೋಡೆಯನ್ನು ಮರಳಿ ಮೊದಲಿನಂತೆ ಮೌನವಾಗಿ ಕಟ್ಟಿಸಿಕೊಡಬೇಕಾಗಿ ಕೋರುತ್ತೇನೆ.

ಒಂದು ವರ್ಷ ಹೆಚ್ಚಿಗೆ ತಮ್ಮ ನೆರಳಿನಲ್ಲೇ ಉಳಿಯಲಿರುವ
ತಮ್ಮ ವಿಶ್ವಾಸಿ,
ಫರ್ಖೊಂದೆ ಶೂಶ್ತರಿ

ಮರೆತ ಮಾತು: ಗೋಡೆ ಕಟ್ಟಲು ಆಗದಿದ್ದರೆ ಚಿಂತೆಯಿಲ್ಲ. ಇನ್ನೊಮ್ಮೆ ಯಂತ್ರ ಶುರುವಾದಾಗ ಇಲಿಗಳ ಜತೆ ಒಳಗೆ ಕೂರಲು ತಮಗೊಂದು ಕುರ್ಚಿ ಹಾಕಿಸಿದ್ದೇವೆ. ಬಾಗಿಲಿಗೆ ಚಿಲಕ ಹೊರಗಡೆ ಮಾತ್ರ ಇದೆ.