ಕೊಪ್ಪರಿಗೆಯಲ್ಲಿ ಕೂತ ಅಜ್ಜಿ

"ಈ ಸಲ ಒಬ್ಬಳಾದರೂ ಬಿಳಿ ಹೆಂಗಸು ಕಿಟಾರನೆ ಕಿರುಚದಿದ್ರೆ ನಾನು ನಮ್ಮಜ್ಜನ ಮೊಮ್ಮಗನೇ ಅಲ್ಲ!" ಎಂದು ಥಾಮ್ಸೆನ್ ಬೆಳ್ಳಂಬೆಳಗ್ಗೆ ಎದೆ ತಟ್ಟಿಕೊಂಡ.

"ನಿಮ್ಮಜ್ಜ ಚರ್ಚಲ್ಲಿ ಗಂಟೆ ಹೊಡೀತಿದ್ರು," ಎಂದಳು ಹೆಂಡತಿ ರೊಸೀನಾ, ಕೆಸುವಿನ ಗೆಡ್ಡೆ ತುರಿಯುತ್ತಾ. "ಕೋಳಿ ಕೊಯ್ಯೋಕೂ ಪಕ್ಕದ್ಮನೆಯವರನ್ನ ಕರೀತಿದ್ರಂತೆ."

"ನಾನು ಹೇಳಿದ್ದು ಅವರಿಗೂ ಹಿಂದಿನ ಅಜ್ಜ ಕಣೇ!"

ವನುವಾಟು ದೇಶದ ತೆಂಕಣ ತುದಿಯ ಅವರ ದ್ವೀಪಕ್ಕೆ ಪ್ರವಾಸಿ ಹಡಗು ಬಂತೆಂದರೆ ಊರಿಗೆ ಊರೇ ದೋಣಿ ಹತ್ತಿ ಎದುರಿನ ಪುಟ್ಟ ಮರಳು ನಡುಗಡ್ಡೆಗೆ ಹೊರಡುತ್ತದೆ. ಬಂದವರಿಗೆ ಒಬ್ಬರು ಜಡೆ ಹೆಣೆಯುತ್ತಾರೆ, ಒಬ್ಬರು ಆಮೆ ತೋರಿಸುತ್ತಾರೆ, ರೊಸೀನಾ ಬಾಳೆ ಎಲೆಯಲ್ಲಿ ಸುಟ್ಟ ಲಾಪ್‌ಲಾಪ್ ಎಂಬ ಗೆಡ್ಡೆಯ ಕಡುಬು ಮಾರುತ್ತಾಳೆ. ಥಾಮ್ಸೆನ್‌ನದು ನರಭಕ್ಷಕನ ಉದ್ಯೋಗ! ಚರ್ಚಿನ ಅಡುಗೆಮನೆಯ ದೊಡ್ಡ ಕೊಪ್ಪರಿಗೆಯೊಳಗೆ ಪ್ರವಾಸಿಗಳನ್ನು ಕೂರಿಸಿ, ಭರ್ಜಿ ಹಿಡಿದು ಹಲ್ಲು ಕಡಿಯಬೇಕು, ಅವರು ಫೋಟೊ ತೆಗೆಸಿಕೊಳ್ಳಬೇಕು. ಆದರೆ ಹೆದರುವವರೇ ಇರಲಿಲ್ಲ. ಹಿಂದಿನ ಹಡಗಿನ ಪುಟ್ಟ ಹುಡುಗಿಯೊಬ್ಬಳು ನರಭಕ್ಷಕನ ಹೊಟ್ಟೆಗೆ ಕಚಗುಳಿ ಇಟ್ಟು ಹೋಗಿದ್ದಳು.

ಚರ್ಚಿನ ಹಿರಿಯರಾದ ನೆರಿಯಾ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ನೋಡು ಥಾಮ್ಸೆನ್, ಇವತ್ತೂ ನಿನ್ನ ಆಟಕ್ಕೆ ಜನ ಸೇರದಿದ್ರೆ ಕೊಪ್ಪರಿಗೆ ಹೆಂಗಸರ ಅಡುಗೆಗೆ. ನೀನು ಅವರಿಗೆ ಸೌದೆ ಹೊರು."

ಸೌದೆ! ಊರಿಗೊಬ್ಬನೇ ನರಭಕ್ಷಕ, ಅವನು ಹೆಂಗಸರಿಗೆ ಸೌದೆ ಹೊರುವುದೇ? ಥಾಮ್ಸೆನ್‌ನ ರಕ್ತ ಕುದಿಯಿತು. ರಕ್ತದ ಜೊತೆಗೆ ನೀರನ್ನೂ ಕುದಿಸಿದರೆ ಹೇಗೆ ಎಂಬ ಮಹಾ ಯೋಚನೆ ಹೊಳೆದದ್ದು ಆಗಲೇ. ಇಷ್ಟು ದಿನ ಒಣ ಕೊಪ್ಪರಿಗೆ, ಅದಕ್ಕೇ ಯಾರಿಗೂ ಭಯವಿಲ್ಲ. ನಿಜವಾದ ಬೆಂಕಿ, ನಿಜವಾದ ನೀರು, ಮೇಲೆ ತೇಲುವ ಈರುಳ್ಳಿ, ಕೆಸುವಿನ ಎಲೆ!

"ಯಾರಾದ್ರೂ ಬೆಂದು ಹೋದಾರು ಮಾರಾಯಾ!" ಎಂದು ರೊಸೀನಾ ಕೂಗಿದಳು.

"ಉಗುರು ಬೆಚ್ಚಗೆ ಅಷ್ಟೇ ಕಣೇ. ನಂಗೇನು ಬುದ್ಧಿ ಇಲ್ವಾ?"

"ಅದನ್ನ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ? ಅಂದ ಹಾಗೆ, ನಿನ್ನ ತಲೆ ಮೇಲಿರೋ ಗರಿ ಎಲ್ಲಿಂದ ಬಂತು?"

ಥಾಮ್ಸೆನ್ ಆಕಾಶ ನೋಡಿದ. ಅಂಗಳದಲ್ಲಿ ರೊಸೀನಾಳ ಮೊಟ್ಟೆಯಿಡುವ ಕೋಳಿ ಬಾಲವಿಲ್ಲದೆ ನಾಚಿಕೊಂಡು ಓಡಾಡುತ್ತಿತ್ತು.

ಹಡಗು ಬಂತು. ಮೈಗೆಲ್ಲ ಮಸಿ ಬಳಿದುಕೊಂಡು ಥಾಮ್ಸೆನ್ ಕೊಪ್ಪರಿಗೆಯ ಪಕ್ಕ ಯಮಧರ್ಮನಂತೆ ನಿಂತ. ಮೊದಲು ಬಂದವಳು ಬೆರಿಲ್ ಎಂಬ ಅಜ್ಜಿ. ಎರಡೂ ಮಂಡಿ ಹಿಡಿದುಕೊಂಡಿವೆ, ಕೈಯಲ್ಲಿ ಊರುಗೋಲು. ಮೆಟ್ಟಿಲು ಹತ್ತಿ, ಉಸ್ಸೆಂದು ನೀರಿಗಿಳಿದು ಕೂತಳು.

"ಹಾ ಹಾ ಹಾ! ನಿನ್ನನ್ನು ತಿಂದುಬಿಡ್ತೀನಿ!" ಎಂದು ಥಾಮ್ಸೆನ್ ದ್ವೀಪ ನಡುಗುವಂತೆ ಅಬ್ಬರಿಸಿದ.

"ತಿನ್ನುವೆಯಂತೆ ಮಗಾ, ಮೊದಲು ಇನ್ನೆರಡು ಸೌದೆ ಹಾಕು," ಎಂದಳು ಅಜ್ಜಿ ಕಣ್ಣು ಮುಚ್ಚಿಕೊಂಡು. "ಅಯ್ಯೋ ದೇವರೇ, ನನ್ನ ಮಂಡಿಗೆ ಎಷ್ಟು ಹಿತವಾಗ್ತಿದೆ!"

ಥಾಮ್ಸೆನ್ ಕಣ್ಣು ಕೆಂಪಗೆ ಮಾಡಿ ಭರ್ಜಿಯನ್ನು ಅವಳ ಮುಂದೆ ಆಡಿಸಿದ. ಅಜ್ಜಿ ಅದಕ್ಕೆ ತನ್ನ ಟವೆಲ್ ನೇತುಹಾಕಿದಳು. ತೇಲುತ್ತಿದ್ದ ಈರುಳ್ಳಿ ಗೆಡ್ಡೆಯೊಂದನ್ನು ಒತ್ತಿ ನೋಡಿ, "ಇದಿನ್ನೂ ಬೆಂದಿಲ್ಲ," ಎಂದು ಬದಿಗೆ ಸರಿಸಿದಳು. ಆಮೇಲೆ ಗೊರಕೆ!

ಸುದ್ದಿ ಹಬ್ಬಿತು. ಹಡಗಿನ ಅಜ್ಜ ಅಜ್ಜಿಯರೆಲ್ಲ ಆಮೆ ಬಿಟ್ಟು, ಜಡೆ ಬಿಟ್ಟು, ಬೇಯಿಸಿಕೊಳ್ಳಲು ಬಂದು ಸಾಲಾಗಿ ನಿಂತರು. ಥಾಮ್ಸೆನ್ ಹಿಗ್ಗಿದ. ಆದರೆ ಬೆರಿಲ್ ಅಜ್ಜಿ ಏಳಲಿಲ್ಲ. ಕಾದು ಕಾದು ಸಾಲು ಕರಗಿತು, ಅಜ್ಜಿ ಏಳಲಿಲ್ಲ. ಹಡಗು ಭೋಂ ಎಂದು ಕೂಗಿ ಕೊನೆಯ ದೋಣಿಗೆ ಕರೆಯಿತು, ಆಗಲೂ ಏಳಲಿಲ್ಲ!

"ಎಬ್ಬಿಸೋ! ಹಡಗು ಅವಳನ್ನ ಬಿಟ್ಟು ಹೋದ್ರೆ ಇನ್ಯಾವ ಹಡಗೂ ಈ ಕಡೆ ತಲೆ ಹಾಕಲ್ಲ," ಎಂದು ರೊಸೀನಾ ಓಡಿ ಬಂದಳು.

ಥಾಮ್ಸೆನ್‌ನ ಮುಖದ ಮಸಿಯ ಮೇಲೆ ಬೆವರಿನ ಗೀರುಗಳು ಮೂಡಿದವು. "ಒಲೆ ಹತ್ರ ಕೂತ ಅತಿಥೀನ ಏಳಿ ಅನ್ನೋದಾ? ಅದೂ ವಯಸ್ಸಾದವಳನ್ನ? ನಮ್ಮ ಮನೇಲಿ ಯಾರೂ ಹಾಗೆ ಮಾಡಿಲ್ಲ. ನಂಗೆ ಬಾಯಿ ಬರಲ್ಲ."

"ತಿನ್ನೋಕೆ ಬಾಯಿ ಬರುತ್ತೆ, ಏಳಿ ಅನ್ನೋಕೆ ಬರಲ್ವಾ!"

ಹಿರಿಯರಾದ ನೆರಿಯಾರನ್ನು ಕರೆಸಿದರು. ಅತಿಥಿಯನ್ನು ಏಳಿ ಎನ್ನಲು ಅವರಿಗೂ ಬಾಯಿ ಬರಲಿಲ್ಲ. ಟೋಪಿ ತೆಗೆದು ಪ್ರಾರ್ಥನೆ ಶುರುಮಾಡಿದರು. ಅವರ ಪ್ರಾರ್ಥನೆ ಉದ್ದ ಎಂಬುದು ಊರಿಗೇ ಗೊತ್ತು. ಹಡಗು ಇನ್ನೊಮ್ಮೆ ಭೋಂ ಎಂದಿತು. ಹೆದರಿಸಿಯಾದರೂ ಎಬ್ಬಿಸೋಣವೆಂದು ಥಾಮ್ಸೆನ್ ಇದ್ದಬದ್ದ ಶಕ್ತಿಯನ್ನೆಲ್ಲ ಗಂಟಲಿಗೆ ತಂದು, ಪಾಪ, ಅಜ್ಜಿಯ ಕಿವಿಯ ಹತ್ತಿರವೇ ಘರ್ಜಿಸಿದ. ಮರದ ಮೇಲಿನ ಬಾವಲಿಗಳು ಎದ್ದು ಹಾರಿದವು.

ಅಜ್ಜಿ ಒಂದು ಕಣ್ಣು ತೆರೆದಳು. "ಹಸಿವಾ ಮಗಾ?" ಎಂದು ಕೊಪ್ಪರಿಗೆಯ ಪಕ್ಕದಲ್ಲಿಟ್ಟಿದ್ದ ತನ್ನ ಚೀಲದಿಂದ ಒಂದು ಬಿಸ್ಕತ್ತು ತೆಗೆದುಕೊಟ್ಟು, ಮತ್ತೆ ಕಣ್ಣು ಮುಚ್ಚಿದಳು.

ನರಭಕ್ಷಕನಿಗೆ ಅಳು ಬರುವುದೊಂದೇ ಬಾಕಿ. ಕೊಟ್ಟದ್ದನ್ನು ಬೇಡವೆನ್ನುವಂತಿಲ್ಲ, ಬಿಸ್ಕತ್ತು ತಿಂದ.

ಆಗ ರೊಸೀನಾ ಸೊಂಟಕ್ಕೆ ಕೈಯಿಟ್ಟು, ಯಾರಿಗೋ ಹೇಳುವವಳಂತೆ ಗಾಳಿಗೆ ಹೇಳಿದಳು: "ಹಡಗಲ್ಲಿ ಊಟಕ್ಕೆ ಬಡಿಸ್ತಾ ಇದ್ದಾರಂತೆ. ಕಡಲ ಸಿಗಡಿ ಆಗಲೇ ಖಾಲಿಯಾಗ್ತಿದೆಯಂತೆ!"

ಅಜ್ಜಿ ಧಡಕ್ಕನೆ ಎದ್ದಳು. ಬೆನ್ನಿಗಂಟಿದ ಕೆಸುವಿನ ಎಲೆಯ ಸಮೇತ ಮರಳಿನ ಮೇಲೆ ಓಡಿದಳು, ಓಡಿಯೇ ಓಡಿದಳು! ಊರುಗೋಲು ಹಿಡಿದುಕೊಂಡು ಅವಳ ಹಿಂದೆ ಓಡಿದ ಥಾಮ್ಸೆನ್‌ಗೆ ದೋಣಿಯವರೆಗೂ ಅವಳು ಸಿಗಲಿಲ್ಲ.

"ಒಬ್ಬಳೇ ಕೂತಿದ್ದಕ್ಕೆ ಜನ ಸೇರಿದ್ರು ಅನ್ನೋಕಾಗಲ್ಲ," ಎಂದು ಹಿರಿಯರು ತೀರ್ಪು ಕೊಟ್ಟರು. ಕೊಪ್ಪರಿಗೆ ರೊಸೀನಾಳ ಪಾಲಾಯಿತು.

ಮುಂದಿನ ಹಡಗಿಗೆ ಅವಳು ಊರಿನ ಕೊಪ್ಪರಿಗೆಗಳನ್ನೆಲ್ಲ ಸಾಲಾಗಿ ಹೂಡಿಸಿ, ಪ್ರತಿಯೊಂದರಲ್ಲೂ ಒಬ್ಬೊಬ್ಬ ಅಜ್ಜಿಯನ್ನು ನೆನೆಹಾಕಿದ್ದಳು. ಈರುಳ್ಳಿ ಬೇಕೆಂದವರಿಗೆ ಈರುಳ್ಳಿಯೂ ಉಂಟು. ರೊಸೀನಾಳ ಜೊತೆ ದೋಣಿಯಲ್ಲಿ ಬಂದಿದ್ದ, ಬಾಲ ಚಿಗುರುತ್ತಿದ್ದ ಕೋಳಿ ಥಾಮ್ಸೆನ್‌ನನ್ನು ಕಂಡು ಅವಳ ಅಂಗಡಿಯ ಹಿಂದೆ ಅಡಗಿತು. ಹೆಗಲ ಮೇಲೆ ಹೊರೆ ಹೊತ್ತು ಅವನು ತೋಪಿನಿಂದ ಬರುತ್ತಿದ್ದಾಗ, ಕೊನೆಯ ಕೊಪ್ಪರಿಗೆಯಿಂದ ಬಿಳಿ ಹೆಂಗಸೊಬ್ಬಳು ಕಿಟಾರನೆ ಕಿರುಚಿದಳು!

ಥಾಮ್ಸೆನ್‌ನ ಎದೆ ಉಬ್ಬಿತು. ಅಂತೂ ಒಬ್ಬಳು ಹೆದರಿದಳು! ಹೊರೆ ಬಿಸಾಕಿ ಓಡಿ ಹೋಗಿ, ಹಲ್ಲು ಕಿರಿದು ಅವಳೆದುರು ನಿಂತ.

"ನೀರು ತಣ್ಣಗಾಯ್ತು!" ಎಂದು ಅವಳು ಮತ್ತೆ ಕಿರುಚಿದಳು.

"ಕೇಳಿಸ್ತೇನಪ್ಪಾ ನರಭಕ್ಷಕ?" ಎಂದು ರೊಸೀನಾ ಅಂಗಡಿಯಿಂದಲೇ ಕೂಗಿದಳು. "ಸೌದೆ ಹಾಕು!"