ರವಿಶಂಕರ್ ಮಾಷ್ಟ್ರು ಮೀನು ಮಾರ್ಕೆಟ್ಟಿಗೆ ಬಂದದ್ದು

ಪದ್ದು: ಆತಿಲ್ಲ ಅಂದ್ರೆ ಆತಿಲ್ಲ ಮಾಷ್ಟ್ರೇ! ಮಗ್ಳನ್ನ್ ಕಾಲೇಜಿಗೆ ಕಳ್ಸದ್ದ್ ಓದುಕೆ, ಚೆಂಡ್ ಕುಟ್ಟುಕಲ್ಲ.

ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ, ಪದ್ದುವಿನ ಬಂಗುಡೆ ಬುಟ್ಟಿಯ ಮುಂದೆ, ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್ ರವಿಶಂಕರ್ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು. ಕೋಟದ ಅವರ ಮನೆಯಲ್ಲಿ ಮೀನು ಮುಟ್ಟಿದವರಿಲ್ಲ. ಆದರೆ ನಾಡಿದ್ದು ಪಂದ್ಯ, ಪದ್ದುವಿನ ಮಗಳು ಮೋಕ್ಷಿತಾಳ ಎತ್ತರ ಐದಡಿ ಹನ್ನೊಂದು ಇಂಚು.

ರವಿಶಂಕರ್: ಕುಟ್ಟುದ್ ಮಾತ್ರ ಅಲ್ಲ ಪದ್ದಕ್ಕ, ಬುಟ್ಟಿಗೂ ಹಾಕ್ಕ್.

ಪದ್ದು: ಬುಟ್ಟಿ ಹೊರುಕೆ ನಾನೊಬ್ಳ್ ಸಾಕ್.

ರವಿಶಂಕರ್: ಅಯ್ಯೋ, ಅದ್ ಬೇರೆ ಬುಟ್ಟಿ! ಅಡಿಯಲ್ಲ್ ತೂತ್ ಇಪ್ದ್.

ಪದ್ದು: ತೂತ್ ಬುಟ್ಟಿಗ್ ಹಾಕಿರೆ ಎಂತ ಉಳಿತ್ತ್? ಎಷ್ಟ್ ವರ್ಷದಿಂದ ಇದನ್ನ್ ಕಲ್ಸುದ್ ನೀವ್?

ರವಿಶಂಕರ್: ಇಪ್ಪತ್ತೆರಡ್. ಮುಂಚೆ ನಾನೇ ಯೂನಿವರ್ಸಿಟಿ ಟೀಮಲ್ಲಿದ್ದೆ. ಮೊಣಕಾಲ್ ಹೋಯ್ತ್, ಕೋಚ್ ಆದೆ.

ಪದ್ದು: ಕಪ್ ಎಷ್ಟ್ ಬಂತ್?

ರವಿಶಂಕರ್ ಕರವಸ್ತ್ರ ಕೆಳಗಿಳಿಸಿದರು.

ರವಿಶಂಕರ್: ಫೈನಲ್ ತನ್ಕ ನಾಕ್ ಸಲ ಹೋಯ್ತ್.

ಪದ್ದು: ನಾ ಕೇಂಡದ್ದ್ ಕಪ್.

ರವಿಶಂಕರ್: ಒಂದ್ಸಲ... ಶಿಸ್ತಿನ ತಂಡ ಅಂದೇಳಿ ಸರ್ಟಿಫಿಕೇಟ್ ಕೊಟ್ಟಿರ್.

ಪದ್ದು: ಅಂದ್ರೆ ಇಪ್ಪತ್ತೆರಡ್ ವರ್ಷವೂ ಸೋತದ್ದೇ? ಆದ್ರೂ ಕೆಲ್ಸದಿಂದ ತೆಗಿಲಿಲ್ಲಾ?

ರವಿಶಂಕರ್: ತೆಗುಕ್ ಹೇಂಗಾತ್ತ್? ಪರ್ಮನೆಂಟ್ ಅಲ್ದಾ!

ಪದ್ದು ಕತ್ತಿ ಕೆಳಗಿಟ್ಟು ಅವರನ್ನೇ ನೋಡಿದಳು.

ಪದ್ದು: ಅಬ್ಬಾ! ನಾನ್ ಒಂದಿನ ಹಳ್ಸಿದ್ ಮೀನ್ ತಂದ್ರೆ ಮರ್ದಿನ ಗಿರಾಕಿ ಈ ಬದಿ ತಲೆ ಹಾಕುದಿಲ್ಲ.

ರವಿಶಂಕರ್: ನನ್ ಪಾಡೂ ಸುಲ್ಭ ಅಲ್ಲ ಪದ್ದಕ್ಕ. ಪ್ರತಿ ವರ್ಷ ಹೊಸ ಮಕ್ಳು, ಮೊದ್ಲಿಂದ ಕಲ್ಸ್ಕ್. ಅವ್ರಿಗೆ ಆಟ ಬಪ್ಪು ಹೊತ್ತಿಗೆ ಪಾಸಾಯಿ ಹೋತ್ರ್. ರಿಟೈರ್ ಆಪು ಮುಂಚೆ ಒಂದೇ ಒಂದ್ ಸಲ ಗೆಲ್ಕ್ ಅಂದೇಳಿ ಆಸೆ.

ಅವರ ದನಿ ಸಣ್ಣದಾಯಿತು. ಪದ್ದು ಎರಡು ಬಂಗುಡೆಯನ್ನು ಅತ್ತಿಂದಿತ್ತ ಮಾಡಿ, ಕೈ ತೊಳೆದುಕೊಂಡಳು.

ಪದ್ದು: ಆಯ್ತ್, ಕರ್ಕಂಡ್ ಹೋಯ್ನಿ. ಆಡ್ಲಿ.

ಖುಷಿಯಲ್ಲಿ ಕೈಮುಗಿಯಲು ಹೋದ ರವಿಶಂಕರ್ ಕರವಸ್ತ್ರವನ್ನು ಬಂಗುಡೆಯ ಮೇಲೆ ಬೀಳಿಸಿಕೊಂಡರು.

ರವಿಶಂಕರ್: ಕಪ್ ಗೆದ್ರೆ ಮೊದ್ಲ್ ನಿಮ್ಮನಿಗೇ ತತ್ತೆ ಪದ್ದಕ್ಕ!

ಪದ್ದು: ಕಪ್ ಯಾರಿಗ್ ಬೇಕ್ ಮರಾಯ್ರೆ? ನಿಮ್ಮ್ ಪರ್ಮನೆಂಟ್ ಜಾಗಕ್ಕೆ ನನ್ ಮಗ್ಳೇ ಬರ್ಕ್. ಅಷ್ಟೊತ್ತಿಗೆ ನೀವ್ ಅವ್ಳಿಗೆ ಲಾಯ್ಕ್ ಮಾಡಿ ಸೋಲುಕೆ ಕಲ್ಸಿ.